ಮನೆವಾರ್ತೆ: ಮೋಟಾರ್ ಸೈಕಲಿಗೆ ಮನೆಯಲ್ಲಿಯೇ ಬಣ್ಣ

ಕರಾವಳಿಯ ಮನೆಗಳಲ್ಲಿ ಕಬ್ಬಿಣಕ್ಕೆ ವೈರಿಯಾದುದು ಯಾವುದೆಂದು ಚಿಕ್ಕ ಮಕ್ಕಳನ್ನು ಕೇಳಿದರೂ ಹೇಳಿಯಾರು. ಬಾವಿಯ ರಾಟೆ, ಕಿಟಕಿಯ ಸರಳು, ಅಡುಗೆಮನೆಯ ಮೆಟ್ಟುಕತ್ತಿ, ಅಂಗಳದ ಗೇಟು, ಇವುಗಳಲ್ಲಿ ಯಾವುದನ್ನು ಒಂದು ಮಳೆಗಾಲ ಮರೆತರೂ ತುಕ್ಕು ಹಿಡಿಯದೆ ಬಿಡುವುದಿಲ್ಲ. ನಮ್ಮ ಪರ್ಕಳವು ಮಲ್ಪೆಯ ಕಡಲಿನಿಂದ ಕೆಲವು ಮೈಲಿ ಒಳಗಿದ್ದರೂ ಉಪ್ಪುಗಾಳಿಯ ಕೈಗೆ ದೂರವಾದುದಲ್ಲ. ಮಳೆಯಾದರೋ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಸುರಿಯುವುದು. ಇಂತಹ ಹವೆಯಲ್ಲಿ ಕಬ್ಬಿಣಕ್ಕೆ ಬಣ್ಣವೆಂಬುದು ಅಲಂಕಾರವಲ್ಲ, ವಸ್ತ್ರ. ಅದು ಹರಿದರೆ ಒಳಗಿನ ದೇಹಕ್ಕೆ ಉಳಿವಿಲ್ಲ.

ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವ ವಿಷಯವು ಇದಕ್ಕೆ ಸೇರಿದ್ದೇ. ಈಗ ಮೋಟಾರ್ ಸೈಕಲು ಇಲ್ಲದ ಮನೆಯು ನಮ್ಮ ಕಡೆಯಲ್ಲಿ ಅಪರೂಪ. ಅದು ಹಳತಾಗಿ ಬಣ್ಣಗೆಟ್ಟಾಗ ವರ್ಕ್‌ಷಾಪಿಗೆ ಕೊಡುವುದು ಹಿಂದಿನ ರೂಢಿ. ಇತ್ತೀಚೆಗೆ ಅಂಗಡಿಗಳಲ್ಲಿ ಬಣ್ಣವು ಸ್ಪ್ರೇ ಡಬ್ಬಿಗಳಲ್ಲಿ ದೊರೆಯುವುದರಿಂದ ತರುಣರು ಒಂದು ರಜೆಯ ದಿನ ನಾಲ್ಕಾರು ಡಬ್ಬಿಗಳನ್ನು ತಂದು ಅಂಗಳದಲ್ಲಿಯೇ ಕೆಲಸಕ್ಕೆ ತೊಡಗುವುದನ್ನು ಕಾಣುತ್ತೇವೆ. ಇದು ಒಳ್ಳೆಯದೇ. ಕೈಯಿಂದ ಮಾಡಿದ ಕೆಲಸವು ಮನುಷ್ಯನಿಗೆ ತನ್ನ ವಸ್ತುವಿನ ಪರಿಚಯವನ್ನು ಮಾಡಿಕೊಡುತ್ತದೆ. ಆದರೆ ಗುಂಡಿಯನ್ನು ಒತ್ತಿದರೆ ಬಣ್ಣವು ಬರುವುದೆಂಬ ಕಾರಣಕ್ಕೆ ಗುಂಡಿಯನ್ನು ಒತ್ತುವುದೇ ಕೆಲಸವೆಂದು ತಿಳಿದವರು ಕೆಡಿಸಿಕೊಳ್ಳುವುದೂ ಹೆಚ್ಚು. ಆದಕಾರಣ ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೂ, ಅವರ ಮನೆಯ ತಾಯಂದಿರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ನಮ್ಮ ‘ಬಣ್ಣ’ವೆಂಬ ಮಾತು ಸಂಸ್ಕೃತದ ‘ವರ್ಣ’ಶಬ್ದದ ತದ್ಭವ. ಆ ವರ್ಣಶಬ್ದವು ಹೊದಿಸು, ಮುಚ್ಚು ಎಂಬ ಅರ್ಥವುಳ್ಳ ‘ವೃ’ ಧಾತುವಿನಿಂದ ಬಂದಿತೆಂದು ಶಬ್ದಶಾಸ್ತ್ರಜ್ಞರು ಹೇಳುವುದುಂಟು; ಹೊದಿಕೆ, ಮೇಲ್ಮುಸುಕು ಎಂಬ ಅರ್ಥವೂ ಅದಕ್ಕೆ ಇದೆ. ಜನರ ಭಾವನೆಯೂ ಹಾಗೆಯೇ. ಒಳಗೆ ಏನಿದ್ದರೂ ಮೇಲೊಂದು ಬಣ್ಣವನ್ನು ಬಳಿದರೆ ಮುಚ್ಚಿಹೋಯಿತೆಂದು ಎಣಿಸುವರು. ಲೋಹದ ಮೇಲೆ ಹೊಳಪಿನ ಬಣ್ಣವನ್ನು ಹಾಕಿ ನೋಡಿದವರಿಗೆ ಮಾತ್ರ ಇದರ ವಿಪರೀತವು ಅನುಭವಕ್ಕೆ ಬರುವುದು. ಡಬ್ಬಿಯಿಂದ ಬೀಳುವ ಒಂದು ಲೇಪದ ದಪ್ಪವು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ, ನಮ್ಮ ತಲೆಗೂದಲಿಗಿಂತಲೂ ತೆಳು. ಅದು ಯಾವ ಗೀರನ್ನು ತುಂಬೀತು, ಯಾವ ಗುಳಿಯನ್ನು ಮರೆಮಾಡೀತು? ಮೇಲಾಗಿ ಹೊಳಪುಳ್ಳ ಮೈಯ ಮೇಲೆ ಬೆಳಕು ಕನ್ನಡಿಯಲ್ಲಿ ಬಿದ್ದಂತೆ ಬೀಳುವುದರಿಂದ, ಮಾಸಲು ಬಣ್ಣದಲ್ಲಿ ಕಾಣದಿದ್ದ ಸಣ್ಣ ತಗ್ಗು ಕೂಡ ಎದ್ದು ತೋರುತ್ತದೆ. ಬಣ್ಣವು ದೋಷವನ್ನು ಮುಚ್ಚುವುದಿಲ್ಲ, ಬೆಳಕಿಗೆ ಹಿಡಿದು ತೋರಿಸುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮುಂದಿನದೆಲ್ಲವೂ ಸುಲಭ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮದ ಪ್ರಕರಣವೊಂದಿದೆ. ಅಲ್ಲಿ ಬಣ್ಣಗಳ ಮಾತಿಗೆ ಮೊದಲು ಗೋಡೆಯ ಮಾತು ಬರುತ್ತದೆ: ಗೋಡೆಯನ್ನು ನಯಗೊಳಿಸುವುದು, ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಸಿದ್ಧಪಡಿಸುವುದು, ಅದನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಬಳಿದು ಒಣಗಿಸುವುದು. ಈ ಭೂಮಿಕೆಯು ಸಿದ್ಧವಾದ ಮೇಲೆಯೇ ಚಿತ್ರಗಾರನು ಕೈಯೆತ್ತತಕ್ಕದ್ದು. ಇಂದಿನವರು ‘ಪ್ರೈಮರು’ ಎನ್ನುವುದು ಆ ಭೂಮಿಕೆಯ ವಂಶಕ್ಕೆ ಸೇರಿದ್ದೇ. ನಮ್ಮ ಯಕ್ಷಗಾನದ ಬಣ್ಣದ ವೇಷಧಾರಿಯು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಅಕ್ಕಿಯ ಹಿಟ್ಟಿನ ಚಿಟ್ಟಿಯನ್ನು ಒಂದೊಂದಾಗಿ ಇಡುವುದನ್ನು ಕಂಡವರಿಗೆ, ಆತುರಗಾರನಿಗೆ ಬಣ್ಣವು ಒಲಿಯುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಡಬ್ಬಿಯ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿಬಿಡುವೆವು. ದ್ರವವನ್ನು ಅನಿಲದ ಒತ್ತಡದಿಂದ ತುಂತುರಾಗಿ ಹೊರಡಿಸುವ ಡಬ್ಬಿಯನ್ನು ನಾರ್ವೆ ದೇಶದ ಎರಿಕ್ ರೋಥೈಮ್ ಎಂಬವನು ೧೯೨೦ರ ದಶಕದಲ್ಲಿ ಕಂಡುಹಿಡಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಮಲೇರಿಯದ ಸೊಳ್ಳೆಗಳನ್ನು ಕೊಲ್ಲುವುದಕ್ಕೆ ಅದೇ ಉಪಾಯವನ್ನು ಬಳಸಿದರು. ಅದರೊಳಗೆ ಬಣ್ಣವನ್ನು ತುಂಬಿದವನು ಅದೇ ದೇಶದ ಎಡ್ ಸೆಯ್ಮೂರ್ ಎಂಬ ಬಣ್ಣದ ವ್ಯಾಪಾರಿ. ೧೯೪೯ರಲ್ಲಿ, ತನ್ನ ಹೆಂಡತಿಯ ಸೂಚನೆಯಂತೆ. ಗೃಹಿಣಿಯರು ಇದನ್ನು ಗಮನಿಸಬೇಕಾಗಿ ಕೋರುತ್ತೇವೆ. ಮೊದಲು ಈ ಡಬ್ಬಿಗಳಲ್ಲಿ ತುಂಬುತ್ತಿದ್ದ ಅನಿಲವು ಆಕಾಶದ ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದುಬಂದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಲೋಕವು ಅದನ್ನು ಕ್ರಮೇಣ ಕೈಬಿಟ್ಟಿತು. ಈಗ ಹೆಚ್ಚಾಗಿ ತುಂಬುವುದು ನಮ್ಮ ಅಡುಗೆಯ ಸಿಲಿಂಡರಿನಲ್ಲಿರುವ ಜಾತಿಯ ಅನಿಲವನ್ನೇ. ಓಜೋನಿಗೆ ಅದು ನಿರಪಾಯ. ಬೆಂಕಿಯ ವಿಷಯದಲ್ಲಿ ಹಾಗಲ್ಲ. ಇದನ್ನು ಮುಂದೆ ಹೇಳುವೆವು.

ಕಳೆದ ಮಾರ್ಗಶಿರದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತಂದೆಯ ಯೆಜ್ಡಿ ಮೋಟಾರ್ ಸೈಕಲಿಗೆ ಮನೆಯಲ್ಲಿಯೇ ಬಣ್ಣ ಹಾಕಿದನು. ನಾವು ಅವನ ಮನೆಯ ಜಗಲಿಯಲ್ಲಿ ಕುಳಿತು ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಯೆಜ್ಡಿಯು ನಮ್ಮ ನಾಡಿನ ಯಂತ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವರು ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಅನುಮತಿಯಿಂದ ೧೯೬೧ರಲ್ಲಿ ಮೋಟಾರ್ ಸೈಕಲುಗಳನ್ನು ಮಾಡತೊಡಗಿ, ೧೯೭೩ರಿಂದ ಅವನ್ನು ಯೆಜ್ಡಿಯೆಂಬ ಹೆಸರಿನಿಂದ ಮಾರಿದರು. ಜಾವಾ ಎಂಬುದು ದ್ವೀಪದ ಹೆಸರಲ್ಲ. ಯಾನೆಚೆಕ್ ಎಂಬ ಯಜಮಾನನ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೊದಲಕ್ಷರಗಳೂ ಕೂಡಿ ಆದುದು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳು, ಎಂಜಿನನ್ನು ಚಾಲೂ ಮಾಡುವ ಕಿಕ್ಕರೇ ಗೇರು ಬದಲಿಸುವ ಲಿವರು, ಇವು ಅದರ ವಿಶೇಷಗಳು. ೧೯೯೬ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ೨೦೨೨ರಲ್ಲಿ ಬೇರೊಂದು ಸಂಸ್ಥೆಯವರು ಅದೇ ಹೆಸರಿನಿಂದ ಹೊಸ ಗಾಡಿಗಳನ್ನು ತಂದರೂ ಮೈಸೂರಿನ ಹಳೆಯ ಯಂತ್ರಗಳನ್ನು ಮನೆಯ ವೃದ್ಧರಂತೆ ಜೋಪಾನ ಮಾಡುವವರು ನಾಡಿನ ತುಂಬ ಇದ್ದಾರೆ.

ಈ ಶಿಷ್ಯನ ತಂದೆಯು ತೀರಿಹೋಗಿ ಆರು ವರ್ಷಗಳಾಗಿದ್ದುವು. ಗಾಡಿಯು ಅಷ್ಟು ಕಾಲವೂ ಕೊಟ್ಟಿಗೆಯ ಮೂಲೆಯಲ್ಲಿ ತೆಂಗಿನ ಮಡಲುಗಳ ಮರೆಯಲ್ಲಿ ನಿಂತಿತ್ತು. ಎಂಜಿನನ್ನು ಮೆಕ್ಯಾನಿಕನೊಬ್ಬನು ಸರಿಪಡಿಸಿಕೊಟ್ಟನು. ಬಣ್ಣವನ್ನು ತಾನೇ ಹಾಕುವೆನೆಂದು ಮಗನು ಹಟ ಹಿಡಿದನು. ಅವನ ಕೆಲಸದ ಕ್ರಮವನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳುವೆವು.

ಅವನು ಒಟ್ಟು ಒಂಬತ್ತು ದಿನ ಕೆಲಸ ಮಾಡಿದನು. ಅದರಲ್ಲಿ ಬಣ್ಣವು ಹೊರಬಿದ್ದ ಕಾಲವನ್ನು ಕೂಡಿಸಿದರೆ ಎರಡು ಗಂಟೆಯೂ ಆಗದು. ಮಿಕ್ಕುದೆಲ್ಲವೂ ಬಿಚ್ಚುವುದು, ತೊಳೆಯುವುದು, ಉಜ್ಜುವುದು, ಕಾಯುವುದು. ಈ ಪ್ರಮಾಣವನ್ನು ಕೇಳಿದೊಡನೆ ನಿರುತ್ಸಾಹ ಹೊಂದುವವರು ವರ್ಕ್‌ಷಾಪಿಗೆ ಕೊಡುವುದೇ ಮೇಲು.

ಮೊದಲು ಟ್ಯಾಂಕು, ಮಡ್‌ಗಾರ್ಡು, ಪಕ್ಕದ ಪೆಟ್ಟಿಗೆಗಳನ್ನು ಗಾಡಿಯಿಂದ ಬಿಚ್ಚಿ ಬೇರೆಯಾಗಿ ಇಡತಕ್ಕದ್ದು. ಬಿಚ್ಚದೆ ಕಾಗದ ಸುತ್ತಿ ಬಣ್ಣ ಹೊಡೆದರೆ ಸಂದುಗಳಲ್ಲಿ ಹಳೆಯ ತುಕ್ಕು ಹಾಗೆಯೇ ಉಳಿದು, ಒಂದೇ ಮಳೆಗಾಲದಲ್ಲಿ ಹೊಸ ಬಣ್ಣವನ್ನು ಒಳಗಿನಿಂದ ಎಬ್ಬಿಸುವುದು. ಕಬ್ಬಿಣವು ತುಕ್ಕಾದಾಗ ಹಿಗ್ಗುವುದೇ ಇದಕ್ಕೆ ಕಾರಣ. ಟ್ಯಾಂಕಿನ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು. ಪೆಟ್ರೋಲನ್ನು ಪೂರ್ತಿಯಾಗಿ ತೆಗೆದ ಮೇಲೆಯೂ ಒಳಗೆ ಆವಿಯು ನಿಂತಿರುತ್ತದೆ, ಮತ್ತು ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಕಿಡಿಗೆ ಹೆಚ್ಚು ಅಪಾಯಕರ. ಸಾಬೂನಿನ ನೀರಿನಿಂದ ಹಲವು ಸಲ ಕುಲುಕಿ ತೊಳೆದು, ಗಾಳಿಯಲ್ಲಿ ಒಣಗಿಸಿ, ಬಾಯಿಯನ್ನು ಮುಚ್ಚಿಯೇ ಕೆಲಸಕ್ಕೆ ತೊಡಗಬೇಕು. ಬೀಡಿ, ದೀಪ, ಕಿಡಿ ಹಾರಿಸುವ ವಿದ್ಯುದ್ಯಂತ್ರ, ಇವು ಅದರ ಹತ್ತಿರ ಸುಳಿಯಕೂಡದು.

ತುಕ್ಕನ್ನು ಬಿಡಿಸುವುದಕ್ಕೆ ಅಂಗಡಿಯಲ್ಲಿ ದ್ರಾವಣಗಳು ದೊರೆಯುತ್ತವೆ. ಹುಣಸೆಹುಳಿಯಿಂದ ತಾಮ್ರದ ಹಂಡೆಯನ್ನು ತಿಕ್ಕುವ ತಾಯಂದಿರಿಗೆ ಇದರ ತತ್ತ್ವವು ಹೊಸದಲ್ಲ. ಹುಳಿಯು ಲೋಹದ ಕಿಲುಬನ್ನು ಕರಗಿಸುತ್ತದೆ. ಆದರೆ ಹುಳಿ ತಾಗಿದ ಕಬ್ಬಿಣವನ್ನು ಒಡನೆಯೇ ತೊಳೆದು ಒರಸಿ ಒಣಗಿಸದಿದ್ದರೆ ನಮ್ಮ ಹವೆಯಲ್ಲಿ ಕೆಲವು ಗಳಿಗೆಗಳೊಳಗೆ ಹೊಸ ತುಕ್ಕಿನ ಕೆಂಪು ಹೊಗರು ಏರುವುದು. ಹಳೆಯ ಬಣ್ಣವನ್ನು ಉಜ್ಜುವುದಕ್ಕೆ ನೀರಿನಲ್ಲಿ ನೆನೆಸಿ ಬಳಸುವ ಮರಳುಕಾಗದವೇ ಯೋಗ್ಯ. ವರ್ಕ್‌ಷಾಪಿನವರು ಅದನ್ನು ‘ವಾಟರ್ ಪೇಪರು’ ಎನ್ನುವರು. ಹಳೆಯ ಕಾಲದ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ ೯೦ ಪಾಲನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದೇ ೨೦೧೭ರಲ್ಲಿ. ಅದಕ್ಕೂ ಎಷ್ಟೋ ಹಿಂದೆ ಗಾಡಿಗೆ ಹಚ್ಚಿದುದನ್ನು ನಂಬುವಂತಿಲ್ಲ. ಒಣಗಿದ್ದಂತೆ ಉಜ್ಜಿದರೆ ಆ ಧೂಳು ಜಗಲಿಯಲ್ಲಿ ಅಂಬೆಗಾಲಿಡುವ ಮಗುವಿನ ಕೈಗೂ ಬಾಯಿಗೂ ಹೋದೀತು. ನೀರಿನಲ್ಲಿ ಉಜ್ಜಿ, ಆ ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರಸಿ ಬೇರೆಯಾಗಿ ಕಟ್ಟಿಡಬೇಕು.

ಕಾಗದಕ್ಕೆ ಅಂಕೆಗಳಿರುವುವು, ಅಂಕೆಯು ಹೆಚ್ಚಿದಷ್ಟೂ ನಯ. ೩೨೦ರಿಂದ ತೊಡಗಿ, ಪ್ರೈಮರಿನ ಮೇಲೆ ೬೦೦ರಿಂದ ಉಜ್ಜಿದರೆ ಸಾಕು. ಉಜ್ಜಿದ ಮೇಲೆ ಕಣ್ಣನ್ನು ನಂಬದೆ ಬೆರಳನ್ನು ನಂಬಬೇಕು: ಕಣ್ಣು ಮುಚ್ಚಿ ಮೆಲ್ಲನೆ ಸವರಿದಾಗ ಹಳೆಯ ಬಣ್ಣದ ಅಂಚು ಬೆರಳಿಗೆ ತಗಲಿದರೆ ಹೊಸ ಬಣ್ಣದಲ್ಲಿ ಅದು ಗೆರೆಯಾಗಿ ಕಾಣುವುದು ನಿಶ್ಚಯ. ಕೊನೆಯಲ್ಲಿ ಎಣ್ಣೆಯ ಪಸೆಯನ್ನು ಪೂರ್ಣವಾಗಿ ತೆಗೆಯತಕ್ಕದ್ದು. ಆಮೇಲೆ ಬರಿಗೈಯಿಂದ ಮುಟ್ಟಕೂಡದು. ತೆಂಗಿನೆಣ್ಣೆ ಹಚ್ಚಿದ ತಲೆಯನ್ನು ಸವರಿದ ಕೈಯನ್ನು ಹಾಗೆಯೇ ಟ್ಯಾಂಕಿನ ಮೇಲಿಟ್ಟರೆ, ಆ ಐದು ಬೆರಳುಗಳ ಗುರುತಿನ ಮೇಲೆ ಬಣ್ಣವು ನಿಲ್ಲದೆ ಮೀನಿನ ಕಣ್ಣಿನಂತಹ ಗುಳಿಗಳಾಗಿ ಸರಿದುಕೊಳ್ಳುವುದು. ಇನ್ನೊಂದು ಸಂಗತಿ: ಎಣ್ಣೆಬಣ್ಣದ ಜಾತಿಯ ಪ್ರೈಮರಿನ ಮೇಲೆ ಬೇಗನೆ ಒಣಗುವ ಲ್ಯಾಕರ್ ಜಾತಿಯ ಬಣ್ಣವನ್ನು ಹೊಡೆದರೆ ಕೆಳಗಿನ ಪದರವು ಸುಕ್ಕುಗಟ್ಟಿ ಏಳುವುದುಂಟು. ಆದುದರಿಂದ ಪ್ರೈಮರು, ಬಣ್ಣ, ಮೇಲಿನ ಹೊಳಪಿನ ಲೇಪ, ಮೂರನ್ನೂ ಒಂದೇ ತಯಾರಕರದಾಗಿ ಕೊಳ್ಳುವುದು ಲೇಸು. ಈ ಶಿಷ್ಯನಿಗೆ ೪೦೦ ಮಿಲಿಲೀಟರಿನ ಡಬ್ಬಿಗಳಲ್ಲಿ ಪ್ರೈಮರು ಎರಡು, ಬಣ್ಣ ಮೂರು, ಹೊಳಪಿನ ಲೇಪ ಎರಡು ಹಿಡಿದುವು. ಬಣ್ಣದ ಡಬ್ಬಿಗಳನ್ನು ಒಂದೇ ಸಲ ಕೊಳ್ಳಬೇಕು; ಬೇರೆ ಬೇರೆ ಕಾಲದ ತಯಾರಿಕೆಯಲ್ಲಿ ಛಾಯೆಯು ಕೂದಲೆಳೆಯಷ್ಟು ವ್ಯತ್ಯಾಸವಾಗುವುದುಂಟು.

ಕಾಲದ ವಿಚಾರ. ಈ ಕೆಲಸಕ್ಕೆ ನಮ್ಮ ಕಡೆಯಲ್ಲಿ ಮಾರ್ಗಶಿರದಿಂದ ಮಾಘದವರೆಗಿನ ದಿನಗಳೇ ಪ್ರಶಸ್ತ. ಮಳೆಗಾಲದಲ್ಲಿ ಮಾಡಿದವನು ಬಣ್ಣದ ಮೇಲೆ ಹಾಲಿನಂತಹ ಬಿಳುಪು ಕವಿಯುವುದನ್ನು ಕಂಡು, ಡಬ್ಬಿಯು ಕಳಪೆಯೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವನು. ಅಪರಾಧವು ಡಬ್ಬಿಯದಲ್ಲ. ಬಣ್ಣದಲ್ಲಿರುವ ದ್ರಾವಕವು ಆವಿಯಾಗುವಾಗ ಆ ಮೈಯನ್ನು ತಣ್ಣಗಾಗಿಸುತ್ತದೆ. ತಂಪುನೀರಿನ ತಂಬಿಗೆಯ ಹೊರಮೈಯಲ್ಲಿ ಹನಿಗೂಡುವಂತೆ ಗಾಳಿಯ ತೇವವು ಅಲ್ಲಿ ಸೇರಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಚಳಿಗಾಲದಲ್ಲಿಯೂ ಬೆಳಗಿನ ಇಬ್ಬನಿಯು ಪೂರ್ಣವಾಗಿ ಆರಿದ ಮೇಲೆ ತೊಡಗಿ, ಮಧ್ಯಾಹ್ನದ ಕಡಲಗಾಳಿಯು ಏಳುವುದಕ್ಕೆ ಮುಂಚೆ ಮುಗಿಸಬೇಕು. ಬಿಸಿಲು ನೇರವಾಗಿ ಬೀಳಕೂಡದು; ಗಾಳಿಯಾಡುವ ನೆರಳು ಬೇಕು. ನಮ್ಮ ಮುರಕಲ್ಲಿನ ನೆಲದ ಕೆಂಧೂಳು ಏಳದಂತೆ ಸುತ್ತಲೂ ನೀರು ಚಿಮುಕಿಸತಕ್ಕದ್ದು. ಬಾವಿಯ ಬಾಯಿಯನ್ನು ಮುಚ್ಚಿರಬೇಕು. ತುಂತುರಿನ ಬಹುಭಾಗವು ಗಾಡಿಗೆ ತಗಲದೆ ಗಾಳಿಯಲ್ಲಿ ತೇಲಿಹೋಗುವುದರಿಂದ, ಅಂಗಳದಲ್ಲಿ ಒಣಗುತ್ತಿರುವ ಅಡಕೆ, ಹಪ್ಪಳ, ನೆರೆಮನೆಯವರ ಬಟ್ಟೆಬರೆ, ಇವನ್ನು ಮೊದಲೇ ಒಳಗೆ ತೆಗೆಸಿದರೆ ಸ್ನೇಹವು ಉಳಿಯುವುದು.

ಬಣ್ಣ ಹಾಕುವ ಕ್ರಮವು ಬರೆಯುವುದಕ್ಕೆ ಸುಲಭ, ಕೈಗೆ ಬರುವುದಕ್ಕೆ ಅಭ್ಯಾಸ ಬೇಕು. ಡಬ್ಬಿಯೊಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೆ ಪೂರ್ತಿ ಎರಡು ನಿಮಿಷ ಕುಲುಕಬೇಕು. ವಸ್ತುವಿನಿಂದ ಸುಮಾರು ಒಂದು ಗೇಣು ದೂರದಲ್ಲಿ ಹಿಡಿಯಬೇಕು. ಹತ್ತಿರವಾದರೆ ಬಣ್ಣವು ಕಣ್ಣೀರಿನಂತೆ ಇಳಿಯುವುದು, ದೂರವಾದರೆ ದಾರಿಯಲ್ಲಿಯೇ ಒಣಗಿ ಮರಳಿನಂತೆ ಕೂರುವುದು. ಗುಂಡಿಯನ್ನು ವಸ್ತುವಿನ ಅಂಚಿಗಿಂತ ಹೊರಗೆ ಒತ್ತಿ, ಕೈಯನ್ನು ಒಂದೇ ವೇಗದಲ್ಲಿ ಸಾಗಿಸಿ, ಆಚೆಯ ಅಂಚನ್ನು ದಾಟಿದ ಮೇಲೆ ಬಿಡಬೇಕು. ಕೈಯು ಕಮಾನಿನಂತೆ ತಿರುಗಕೂಡದು. ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬೀಳಬೇಕು. ಮೊದಲನೆಯ ಲೇಪವು ಕೆಳಗಿನ ಬಣ್ಣವು ಕಾಣುವಷ್ಟು ತೆಳುವಾಗಿರತಕ್ಕದ್ದು. ಇಲ್ಲಿಯೇ ಹೊಸಬರ ಕೈ ತಪ್ಪುವುದು. ಕೆಳಗಿನದು ಕಾಣುತ್ತದೆಂದು ಮನಸ್ಸು ಆತುರಗೊಂಡು ಅದೇ ಜಾಗದಲ್ಲಿ ಕೈಯು ನಿಲ್ಲುತ್ತದೆ. ನಿಂತೊಡನೆ ಬಣ್ಣವು ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು; ಮೂರನೆಯದರಲ್ಲಿ ತಾನಾಗಿಯೇ ತುಂಬಿಕೊಳ್ಳುವುದು. ಮೊದಲ ಸಲ ಮಾಡುವವರು ಟ್ಯಾಂಕನ್ನು ಮುಟ್ಟುವುದಕ್ಕೆ ಮುಂಚೆ ಹಳೆಯ ಎಣ್ಣೆಯ ಡಬ್ಬವೊಂದರ ಮೇಲೆ ಕೈಯನ್ನು ಪಳಗಿಸಿಕೊಳ್ಳಬೇಕು. ನಮ್ಮ ಶಿಷ್ಯನು ಮೂರು ಡಬ್ಬಗಳಿಗೆ ಬಣ್ಣ ಕಟ್ಟಿದ ಮೇಲೆಯೇ ಮಡ್‌ಗಾರ್ಡಿಗೆ ಬಂದನು, ಟ್ಯಾಂಕಿಗೆ ಕೊನೆಯಲ್ಲಿ ಬಂದನು.

ಆ ಟ್ಯಾಂಕಿನ ವಿಷಯದಲ್ಲಿ ಆ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದಿರಲಾರೆವು. ಟ್ಯಾಂಕಿನ ಎಡಗಡೆಯಲ್ಲಿ ಅಂಗೈಯಗಲದ ಒಂದು ಗುಳಿಯಿತ್ತು. ಮಗನು ಅದನ್ನು ಪುಟ್ಟಿಯಿಂದ ತುಂಬುವುದಕ್ಕೆ ಸಿದ್ಧನಾಗಿ, ಪುಟ್ಟಿಯನ್ನು ಕಲಸಿಯೂ ಆಗಿತ್ತು. ತಾಯಿಯು ಅದುವರೆಗೆ ಆ ಕೆಲಸದ ಹತ್ತಿರ ಬಂದವರಲ್ಲ. ಬಾವಿಕಟ್ಟೆಯಿಂದ ಕೊಡ ಹೊತ್ತು ಬರುತ್ತಿದ್ದವರು ಅಲ್ಲಿ ನಿಂತರು. ಅವರು ತುಳುವಿನಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯುವುದಾದರೆ, “ಅದೊಂದು ಇರಲಿ ಮಗಾ” ಎಂದಿಷ್ಟೆ.

ಮಗನು, “ಬಣ್ಣ ಹಾಕಿದರೆ ಅದು ಇನ್ನೂ ಎದ್ದು ಕಾಣುತ್ತದೆ, ಅಮ್ಮ” ಎಂದನು.

“ಕಾಣಲಿ” ಎಂದು ಅವರು ಒಳಗೆ ಹೋದರು.

ಅವನು ನಮ್ಮ ಮುಖವನ್ನು ನೋಡಿ, “ಏನು ಮಾಡುವುದು ಮಾಷ್ಟ್ರೇ?” ಎಂದು ಕೇಳಿದನು. ಆ ಗುಳಿಯ ಕಥೆಯು ಅವನಿಗೂ ತಿಳಿಯದುದಲ್ಲ. ಅವನು ಹುಟ್ಟುವ ರಾತ್ರಿ, ಆಷಾಢದ ಮಳೆಯಲ್ಲಿ, ಹೆಬ್ರಿಯ ಕಡೆಗೆ ಕೆಲಸಕ್ಕೆ ಹೋಗಿದ್ದ ತಂದೆಯು ಸುದ್ದಿ ತಿಳಿದು ಹಿಂತಿರುಗುತ್ತ ತಿರುವಿನಲ್ಲಿ ಜಾರಿ ಬಿದ್ದು, ಗಾಡಿಯನ್ನು ಎತ್ತಿ ನಿಲ್ಲಿಸಿಕೊಂಡು, ಮೊಣಕಾಲಿನಿಂದ ರಕ್ತವಿಳಿಯುತ್ತಿರುವಾಗಲೇ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದ್ದನಂತೆ. ಮೊಣಕಾಲಿನ ಗಾಯವು ಮಾಯಿತು, ಟ್ಯಾಂಕಿನದು ಉಳಿಯಿತು. ನಾವು ಉತ್ತರ ಕೊಡಲಿಲ್ಲ. ಉತ್ತರವು ಒಳಗೆ ಹೋಗಿ ಆಗಿತ್ತು. ಅವನು ಸ್ವಲ್ಪ ಹೊತ್ತು ಕುಳಿತಿದ್ದು, ಕಲಸಿದ ಪುಟ್ಟಿಯನ್ನು ಮಡ್‌ಗಾರ್ಡಿನ ಒಂದು ತೂತಿಗೆ ತುಂಬಿ, ಗುಳಿಯೊಳಗಿನ ತುಕ್ಕನ್ನು ಮಾತ್ರ ಉಜ್ಜಿ ತೆಗೆದು, ಅಲ್ಲಿಗೂ ಮಿಕ್ಕಲ್ಲಿಗೂ ಒಂದೇ ಸಮನಾಗಿ ಬಣ್ಣವನ್ನು ಕೊಟ್ಟನು. ಈಗ ಆ ಕಪ್ಪು ಟ್ಯಾಂಕಿನ ಮೇಲೆ ಬಿಸಿಲು ಬಿದ್ದಾಗ ಮೊದಲು ಕಣ್ಣಿಗೆ ಬೀಳುವುದು ಆ ಗುಳಿಯೇ.

ಹಳೆಯ ವಸ್ತುವಿಗೆ ಬಣ್ಣ ಹಾಕುವವರು ಇಷ್ಟನ್ನು ಮನೆಯವರೊಡನೆ ಮೊದಲೇ ವಿಚಾರಿಸಿಕೊಳ್ಳುವುದು ಮೇಲು. ಯಾವುದು ತುಕ್ಕು, ಯಾವುದು ಗುರುತು ಎಂಬ ವಿವೇಕವನ್ನು ಡಬ್ಬಿಯ ಮೇಲೆ ಅಚ್ಚು ಮಾಡಿರುವುದಿಲ್ಲ. ತುಕ್ಕು ಬೆಳೆಯುತ್ತದೆ, ಅದನ್ನು ತೆಗೆಯಲೇಬೇಕು. ಗುರುತು ಬೆಳೆಯುವುದಿಲ್ಲ, ಅದನ್ನು ಉಳಿಸುವುದೂ ಅಳಿಸುವುದೂ ಅದರ ನೆನಪುಳ್ಳವರ ಇಷ್ಟ.

ಇನ್ನು ಉಸಿರಿನ ಮಾತು. ಈ ಲೇಖನದಲ್ಲಿ ಮಿಕ್ಕುದನ್ನು ಮರೆತರೂ ಇದನ್ನು ಮರೆಯಬಾರದೆಂದು ವಾಚಕರಲ್ಲಿ ನಮ್ಮ ಪ್ರಾರ್ಥನೆ. ಸಾಮಾನ್ಯ ಡಬ್ಬಿಯ ಬಣ್ಣವೂ ಹೊಳಪಿನ ಲೇಪವೂ ಪೆಟ್ರೋಲು ಚೆಲ್ಲಿದರೆ ಮೆತ್ತಗಾಗಿ ಕೆಡುವುವು. ಇದಕ್ಕೆ ಪರಿಹಾರವಾಗಿ ಅಂಗಡಿಯವರು ‘ಟೂ ಕೆ’ ಎಂಬ ಎರಡಂಶದ ಲೇಪವನ್ನು ತೋರಿಸುವರು. ಅದರ ಡಬ್ಬಿಯ ಅಡಿಯಲ್ಲಿ ಒಂದು ಗುಂಡಿಯಿದ್ದು, ಅದನ್ನು ಒತ್ತಿದರೆ ಗಟ್ಟಿಗೊಳಿಸುವ ದ್ರವ್ಯವು ಒಳಗೆ ಬೆರೆಯುವುದು. ಬಳಿಕ ಒಂದೆರಡು ದಿನಗಳೊಳಗೆ ಮುಗಿಸಬೇಕು. ಅದು ಕಲ್ಲಿನಂತೆ ಗಟ್ಟಿಯಾಗುವುದು, ಪೆಟ್ರೋಲಿಗೆ ಜಗ್ಗುವುದಿಲ್ಲ, ಇದು ನಿಜ. ಆದರೆ ಆ ಗಟ್ಟಿಗೊಳಿಸುವ ದ್ರವ್ಯದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುವುದು. ಅದರ ತುಂತುರು ಶ್ವಾಸಕೋಶಕ್ಕೆ ಹೊಕ್ಕರೆ ಉಬ್ಬಸವು ಬರಬಹುದು. ಒಮ್ಮೆ ದೇಹವು ಅದಕ್ಕೆ ಸೋತರೆ ಮುಂದೆ ಅದರ ಅತ್ಯಲ್ಪ ಸೋಂಕಿಗೂ ಉಸಿರು ಕಟ್ಟುವುದು, ಮತ್ತು ಆ ದೌರ್ಬಲ್ಯವು ಜೀವಮಾನವೆಲ್ಲ ಉಳಿಯಬಹುದು. ಅದಕ್ಕೆ ವಾಸನೆಯು ಹೆಚ್ಚಿಲ್ಲದುದರಿಂದ ಮೂಗು ಎಚ್ಚರಿಸುವುದಿಲ್ಲ. ಮುಖಕ್ಕೆ ಕಟ್ಟಿದ ಬಟ್ಟೆಯೂ, ಕೋವಿಡ್ ಕಾಲದಲ್ಲಿ ಕೊಂಡ ಕಾಗದದ ಮುಖವಾಡವೂ ಇದಕ್ಕೆ ಅಡ್ಡಿಯಲ್ಲ. ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಎರಡಂಶದ ಲೇಪವನ್ನು ಮನೆಯ ಅಂಗಳದಲ್ಲಿ ಬಳಸಲೇಕೂಡದು. ಟ್ಯಾಂಕಿಗೆ ಮಾತ್ರ ಅದು ಬೇಕೆನಿಸಿದರೆ, ಬಣ್ಣದವರೆಗಿನ ಕೆಲಸವನ್ನು ತಾವೇ ಮಾಡಿ, ಕೊನೆಯ ಲೇಪಕ್ಕೆ ತಕ್ಕ ಉಪಕರಣವುಳ್ಳ ವರ್ಕ್‌ಷಾಪಿಗೆ ಕೊಡಬಹುದು. ಇಲ್ಲವೆ ಸಾಮಾನ್ಯ ಲೇಪವನ್ನು ಹಾಕಿ, ಪೆಟ್ರೋಲು ತುಂಬಿಸುವಾಗ ಬಾಯಿಯ ಸುತ್ತ ಬಟ್ಟೆಯಿಟ್ಟು ಒರಸಿಕೊಳ್ಳಬಹುದು. ನಮ್ಮ ಶಿಷ್ಯನು ಹಾಗೆಯೇ ಮಾಡುತ್ತಿದ್ದಾನೆ. ಸಾಮಾನ್ಯ ಡಬ್ಬಿಗೂ ಇದ್ದಿಲಿನ ಶೋಧಕವುಳ್ಳ ಮುಖಕವಚವು ಬೇಕು, ಕಣ್ಣಿಗೆ ಕನ್ನಡಕ ಬೇಕು, ಕೈಗೆ ರಬ್ಬರಿನ ಚೀಲ ಬೇಕು. ಗರ್ಭಿಣಿಯರೂ, ಮಕ್ಕಳೂ, ಉಬ್ಬಸವುಳ್ಳವರೂ ಆ ದಿನ ನೆಂಟರ ಮನೆಯಲ್ಲಿರುವುದು ಉತ್ತಮ.

ಬೆಂಕಿಯ ವಿಷಯವನ್ನು ಹೇಳುವೆವೆಂದು ಮೇಲೆ ಬರೆದಿದ್ದೆವು. ಡಬ್ಬಿಯ ಅನಿಲವು ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದರದೆ ನೆಲವನ್ನು ಹಿಡಿದು ಹರಿಯುವುದು. ಮುಚ್ಚಿದ ಕೊಟ್ಟಿಗೆಯಲ್ಲಿ ಕೆಲಸ ಮಾಡಿದರೆ ಆಚೆಯ ಬಚ್ಚಲ ಒಲೆಯವರೆಗೂ ಹೋದೀತು. ನಮ್ಮ ಕಡೆಯ ಮನೆಗಳಲ್ಲಿ ಕಸಕಡ್ಡಿಯನ್ನೆಲ್ಲ ಬಚ್ಚಲ ಒಲೆಗೆ ಹಾಕುವ ಅಭ್ಯಾಸವಿದೆಯಷ್ಟೆ. ಬರಿದಾದಂತೆ ತೋರುವ ಡಬ್ಬಿಯಲ್ಲಿಯೂ ಅನಿಲವು ಉಳಿದಿರುವುದರಿಂದ ಒಲೆಯಲ್ಲಿ ಅದು ಸಿಡಿಗುಂಡಾಗುವುದು. ಗುಜರಿಯವನಿಗೆ ಕೊಡುವುದಾದರೂ ಬಯಲಿನಲ್ಲಿ ಪೂರ್ಣವಾಗಿ ಖಾಲಿ ಮಾಡಿಯೇ ಕೊಡತಕ್ಕದ್ದು. ತಿನ್ನರನ್ನೂ ಬಣ್ಣದ ಕೆಸರನ್ನೂ ತೆಂಗಿನ ಬುಡಕ್ಕೆ ಚೆಲ್ಲುವವರನ್ನು ಕಂಡಿದ್ದೇವೆ. ಮುರಕಲ್ಲು ತೂತುಗಳಿಂದ ತುಂಬಿದ ಕಲ್ಲು. ಇಂದು ಅಂಗಳಕ್ಕೆ ಚೆಲ್ಲಿದುದು ಮುಂದಿನ ಮಳೆಯಲ್ಲಿ ಬಾವಿಗೆ ಇಳಿಯುವ ದಾರಿಯನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಗಾಡಿಯ ಅಂದಕ್ಕಾಗಿ ಕುಡಿಯುವ ನೀರನ್ನು ಕೆಡಿಸಿಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಕಾನೂನಿನ ಮಾತನ್ನೂ ಹೇಳಿ ಮುಗಿಸುವೆವು. ಗಾಡಿಯ ನೋಂದಣಿಪತ್ರದಲ್ಲಿ ಬಣ್ಣವೂ ಬರೆದಿರುತ್ತದೆ. ಮೊದಲಿನ ಬಣ್ಣವನ್ನೇ ಹಾಕಿದರೆ ತೊಡಕಿಲ್ಲ. ಬೇರೆ ಬಣ್ಣವನ್ನು ಹಾಕಬೇಕೆನ್ನುವವರು ಸಾರಿಗೆ ಕಚೇರಿಯಲ್ಲಿ
ವಿಚಾರಿಸಿ ಪತ್ರದಲ್ಲಿ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಸೈನ್ಯದ ಗಾಡಿಗಳಿಗಿರುವ ಹಸುರು ಛಾಯೆಯು ಇತರರಿಗೆ ನಿಷಿದ್ಧ. ತರುಣರಿಗೆ ಆ ಬಣ್ಣದ ಮೋಹವು ಹೆಚ್ಚಾಗಿರುವುದರಿಂದ ಇದನ್ನು ಬರೆದೆವು. ಚಾಸಿಯ ಮೇಲೂ ಎಂಜಿನಿನ ಮೇಲೂ ಕೊರೆದಿರುವ ಅಂಕೆಗಳನ್ನು ಉಜ್ಜಕೂಡದು, ದಪ್ಪ ಬಣ್ಣದಿಂದ ಮುಚ್ಚಲೂಕೂಡದು. ಹದಿನೈದು ವರ್ಷ ಕಳೆದ ಗಾಡಿಯ ನೋಂದಣಿಯನ್ನು ನವೀಕರಿಸುವಾಗ ಅಧಿಕಾರಿಗಳು ಮೊದಲು ನೋಡುವುದು ಅವನ್ನೇ.

ಬಣ್ಣವು ಮುಟ್ಟುವುದಕ್ಕೆ ಒಣಗಿದರೂ ಒಳಗೆ ಹಸಿಯಾಗಿಯೇ ಇರುವುದು. ಒಂದು ವಾರವಾದರೂ ಗಾಡಿಯನ್ನು ತೊಳೆಯದೆ, ಟ್ಯಾಂಕಿನ ಮೇಲೆ ಚೀಲವನ್ನಿಡದೆ, ಹೊಳಪಿನ ಮೇಣವನ್ನು ತಿಕ್ಕದೆ ಬಿಟ್ಟಿರಬೇಕು. ಈ ಕೊನೆಯ ಕಾಯುವಿಕೆಯು ಎಲ್ಲದಕ್ಕಿಂತ ಕಷ್ಟವೆಂದು ನಮ್ಮ ಶಿಷ್ಯನು ಹೇಳಿದನು. ಶಾಲೆಯಲ್ಲಿ ಅವನು ಕಾಪಿಪುಸ್ತಕದ ಶಾಯಿಯು ಆರುವುದಕ್ಕೆ ಮುಂಚೆಯೇ ಪುಟ ಮಡಿಸುತ್ತಿದ್ದವನು. ಒಂಬತ್ತು ದಿನದ ಕೆಲಸವು ಅವನಿಗೆ ತಾಳ್ಮೆಯನ್ನೂ ಸ್ವಲ್ಪ ಕಲಿಸಿತೆಂದು ಕಾಣುತ್ತದೆ. ಡಬ್ಬಿಗಳ ಬೆಲೆಗೆ ಅದು ಹೆಚ್ಚಲ್ಲ.

ಬರುವ ಚಳಿಗಾಲದಲ್ಲಿ ಈ ಕೆಲಸಕ್ಕೆ ತೊಡಗುವವರು ಈಗಿನಿಂದಲೇ ತುಕ್ಕನ್ನು ಉಜ್ಜತೊಡಗಲಿ. ಬಣ್ಣವನ್ನು ಆಮೇಲೆ ಕೊಂಡರಾಯಿತು.